ಸವೆದ ಪುಟಗಳಿಗೂ ಒಂದು ಖಬರ್

ತಾಖಿನಲ್ಲಿ ಜುಜ್ದಾನದೊಳಗೆ ಇಟ್ಟ ಕುರ್‌ಆನ್ ಪ್ರತಿಗೂ ವಯಸ್ಸಾಗುತ್ತದೆ. ಮೊದಲು ಹೊಲಿಗೆ ಸಡಿಲವಾಗುತ್ತದೆ. ಆಮೇಲೆ ಮೊದಲಿನ ನಾಲ್ಕು ಹಾಳೆ, ಕೊನೆಯ ನಾಲ್ಕು ಹಾಳೆ ಕಳಚಿಕೊಳ್ಳುತ್ತವೆ. ಮದ್ರಸಕ್ಕೆ ಹೋಗುವ ಮಕ್ಕಳ ಕೈಗೆ ಸಿಕ್ಕ ಸಿಪಾರಗಳಂತೂ ಎರಡು ವರ್ಷ ಬಾಳಿದರೆ ಹೆಚ್ಚು. ಹೀಗೆ ಹರಿದದ್ದನ್ನು ಓದಲು ಬರುವುದಿಲ್ಲ, ಎಸೆಯಲು ಮನಸ್ಸು ಒಪ್ಪುವುದಿಲ್ಲ. ಕೊನೆಗೆ ಒಂದು ಬಟ್ಟೆಯಲ್ಲಿ ಕಟ್ಟಿ ಮಸೀದಿಯ ಅಲ್ಮಾರಿಯ ಮೇಲೆ ಇಟ್ಟು ಬರುತ್ತೇವೆ. ಹಗರಿಬೊಮ್ಮನಹಳ್ಳಿಯಾಗಲಿ, ಕೊಟ್ಟೂರಾಗಲಿ, ಕೂಡ್ಲಿಗಿಯ ಯಾವುದೇ ಹಳ್ಳಿಯ ಸಣ್ಣ ಮಸೀದಿಯಾಗಲಿ, ಆ ಅಲ್ಮಾರಿಯ ಮೇಲೆ ಇಂಥ ಗಂಟುಗಳು ಧೂಳು ತಿನ್ನುತ್ತಾ ಕೂತಿರುವುದನ್ನು ನಾವೆಲ್ಲರೂ ಬಲ್ಲೆವು. ಮುಂದೇನು ಎಂಬುದಕ್ಕೆ ಒಬ್ಬೊಬ್ಬರದು ಒಂದೊಂದು ದಾರಿ. ಹಡಗಲಿ, ಹರಪನಹಳ್ಳಿಯ ಹೊಳೆಸಾಲಿನವರು ತುಂಗಭದ್ರೆಗೆ ಬಿಡುವುದುಂಟು. ಕೆಲವರು ಖಬರಸ್ತಾನದ ಮೂಲೆಯಲ್ಲಿ ಹೂಳುತ್ತಾರೆ. ನೀರಿಲ್ಲದ ಊರಿನವರು ಹಾಳುಬಾವಿ ಹುಡುಕುತ್ತಾರೆ. ನಮ್ಮ ಹಿಂದೂ ನೆರೆಯವರು ಹಳೆಯ ಪಂಚಾಂಗ, ಗಾಜು ಒಡೆದ ದೇವರ ಪಟಗಳನ್ನು ಅರಳಿಮರದ ಬುಡಕ್ಕೆ ತಂದಿಡುವುದೂ ಇದೇ ಸಂಕಟದಿಂದ.

ನಮಗಿಂತ ಬಹಳ ಮೊದಲೇ ಈ ಸಂಕಟವನ್ನು ಎದುರಿಸಿ, ಅದಕ್ಕೊಂದು ಕಾನೂನನ್ನೇ ಮಾಡಿಕೊಂಡ ಸಮುದಾಯ ಯಹೂದಿಗಳದು. ಅವರು ಹಾಗೆ ಮಾಡಿದ್ದರಿಂದ ಈಜಿಪ್ತಿನ ಒಂದು ಕತ್ತಲೆ ಕೋಣೆಯಲ್ಲಿ ನಮ್ಮದೇ ರಾಜ್ಯದ ಮಂಗಳೂರಿನ ಕಥೆಯೊಂದು, ಬೊಮ್ಮ ಎಂಬ ಸಾಮಾನ್ಯ ಮನುಷ್ಯನೊಬ್ಬನ ಹೆಸರು ಸುಮಾರು 900 ವರ್ಷ ಉಳಿದು ಬಂತು. ಈ ಸಂಚಿಕೆಯಲ್ಲಿ ಆ ಇತಿಹಾಸವನ್ನು ಓದುಗರ ಮುಂದೆ ಇಡುತ್ತಿದ್ದೇವೆ.

ಫಲಸ್ತೀನಿನ ಸುದ್ದಿ ಓದಿ ಮನಸ್ಸು ಕುದಿಯುತ್ತಿರುವಾಗ ಯಹೂದಿಗಳ ಒಳ್ಳೆಯ ಸಂಪ್ರದಾಯದ ಬಗ್ಗೆ ಈಗ ಯಾಕೆ ಎಂದು ಕೇಳುವವರಿರಬಹುದು. ಒಂದು ಸರ್ಕಾರ ಮಾಡುವ ಅನ್ಯಾಯ ಬೇರೆ, ಒಂದು ಧರ್ಮದ ಜನ ತಮ್ಮ ಗ್ರಂಥವನ್ನು ಗೌರವಿಸುವ ರೀತಿ ಬೇರೆ. ಒಂದು ಜನಾಂಗದ ಮೇಲಿನ ಸಿಟ್ಟು ನಿಮ್ಮನ್ನು ನ್ಯಾಯದಿಂದ ದೂರ ಸರಿಸದಿರಲಿ ಎಂಬುದು ಸೂರಃ ಮಾಇದಾದ ಪ್ರಸಿದ್ಧ ಆದೇಶ. ತೌರಾತ್ ಅಲ್ಲಾಹನು ಮೂಸಾ(ಅ)ರಿಗೆ ಇಳಿಸಿದ ಗ್ರಂಥ ಎಂದು ನಂಬುವುದು ನಮ್ಮ ಈಮಾನಿನ ಭಾಗ. ಇಬ್ನು ಉಮರ್(ರ) ಹೇಳಿದ, ಅಬೂದಾವೂದ್ ಸಂಗ್ರಹದಲ್ಲಿರುವ ಒಂದು ಘಟನೆಯನ್ನು ನೆನಪಿಸಿಕೊಳ್ಳಿ. ಮದೀನಾದ ಯಹೂದಿಗಳು ಪ್ರವಾದಿ(ಸ)ರನ್ನು ತಮ್ಮ ಪಾಠಶಾಲೆಗೆ ಕರೆದರು, ಕೂರಲು ಒಂದು ದಿಂಬು ಹಾಕಿದರು. ವಿಚಾರಣೆಯ ನಡುವೆ ತೌರಾತ್ ತರಲು ಹೇಳಿದ ಪ್ರವಾದಿ(ಸ)ರು, ಅದು ಬಂದಾಗ ತಾವು ಕೂತಿದ್ದ ದಿಂಬನ್ನು ಎಳೆದು ಅದರ ಮೇಲೆ ತೌರಾತನ್ನು ಇಡಿಸಿದರು. ಇನ್ನೊಬ್ಬರ ಕೈಯಲ್ಲಿರುವ ಗ್ರಂಥದ ಜೊತೆ ನಡೆದುಕೊಳ್ಳುವುದು ಹೇಗೆ ಎಂಬ ಪ್ರಶ್ನೆಗೆ ಇಷ್ಟು ಉತ್ತರ ಸಾಕು.

ಈಗ ಅವರ ಕಾನೂನಿಗೆ ಬರೋಣ. ಯಹೂದಿಗಳ ಪ್ರಾರ್ಥನಾಲಯದಲ್ಲಿ ಓದುವ ತೌರಾತ್ ನಮ್ಮ ಪುಸ್ತಕದಂತೆ ಹೊಲಿದದ್ದಲ್ಲ. ಹದ ಮಾಡಿದ ಚರ್ಮದ ಹಾಳೆಗಳನ್ನು ಉದ್ದಕ್ಕೆ ಜೋಡಿಸಿ, ಎರಡು ಕೋಲುಗಳಿಗೆ ಸುತ್ತಿದ ಸುರುಳಿ. ಅದನ್ನು ಕೈಯಿಂದಲೇ ಬರೆಯಬೇಕು. ಅದರಲ್ಲಿರುವ 304,805 ಅಕ್ಷರಗಳಲ್ಲಿ ಒಂದು ಅಕ್ಷರ ಅಳಿಸಿಹೋದರೂ ತಿದ್ದುವ ತನಕ ಆ ಸುರುಳಿಯನ್ನು ಸಭೆಯಲ್ಲಿ ಓದುವಂತಿಲ್ಲ. ಓದುವಾಗ ಬರಿ ಬೆರಳು ತಾಗಿಸುವುದಿಲ್ಲ. ಬೆರಳು ಚಾಚಿದ ಕೈಯ ಆಕಾರದ ಒಂದು ಸಣ್ಣ ಕಡ್ಡಿಯಿಂದ ಸಾಲು ತೋರಿಸುತ್ತಾರೆ. ಸುರುಳಿಗೆ ಬಟ್ಟೆಯ ಹೊದಿಕೆ ಇರುತ್ತದೆ, ನಮ್ಮ ಜುಜ್ದಾನದ ಹಾಗೆ.

ಇಂಥ ಸುರುಳಿ ಸವೆದು ತಿದ್ದಲಾಗದ ಸ್ಥಿತಿಗೆ ಬಂದರೆ ಅದಕ್ಕೆ ಅವರ ಭಾಷೆಯಲ್ಲಿ ‘ಗೆನಿಝಾ’ ಮಾಡಬೇಕು. ಆ ಮಾತಿಗೆ ಬಚ್ಚಿಡುವುದು, ಕಾಪಿಡುವುದು ಎಂದು ಅರ್ಥ. ಬೇರು ಹುಡುಕುತ್ತಾ ಹೋದರೆ ಇದು ಖಜಾನೆ, ಭಂಡಾರ ಎಂಬ ಅರ್ಥದ ಫಾರ್ಸಿಯ ‘ಗಂಜ್’ ಜೊತೆ ಸೇರಿಕೊಳ್ಳುತ್ತದೆ. ರಾಯಚೂರು ಕಡೆ ಧಾನ್ಯದ ಮಾರುಕಟ್ಟೆಗೆ ಗಂಜ್ ಎನ್ನುತ್ತಾರಲ್ಲ, ಅದೇ ಗಂಜ್. ನಾವು ಸತ್ತವರನ್ನು ಒಯ್ಯುವ ‘ಜನಾಝಾ’ ಕೂಡ ಇದೇ ಬೇರಿನದು ಎಂದು ಭಾಷಾಪಂಡಿತರು ಹೇಳುತ್ತಾರೆ. ಭಂಡಾರ ಮತ್ತು ಜನಾಝಾ ಒಂದೇ ಮಾತಿನ ಮಕ್ಕಳಾಗಿರುವುದು ಈ ವಿಷಯಕ್ಕೆ ಎಷ್ಟು ಒಪ್ಪುತ್ತದೆ ನೋಡಿ.

ಯಹೂದಿಗಳ ಶಾಸ್ತ್ರಸಂಗ್ರಹವಾದ ತಲ್ಮೂದಿನಲ್ಲಿ ಇದರ ವಿವರಗಳಿವೆ. ಸವೆದ ತೌರಾತ್ ಸುರುಳಿಯನ್ನು ಮಣ್ಣಿನ ಮಡಕೆಯಲ್ಲಿಟ್ಟು ಒಬ್ಬ ವಿದ್ವಾಂಸನ ಸಮಾಧಿಯ ಪಕ್ಕದಲ್ಲಿ ಹೂಳಬೇಕು. ಮಡಕೆ ಯಾಕೆಂದರೆ ಮಣ್ಣಿನೊಳಗೆ ಅದು ಬೇಗ ಕರಗದೆ ಬಹಳ ಕಾಲ ಇರಲಿ ಎಂದು. ಅಲ್ಲಾಹನ ಹೆಸರನ್ನು ಅಳಿಸುವುದು ಅವರಲ್ಲಿ ದೊಡ್ಡ ಪಾಪ. ಅಳಿಸಬಾರದ ಏಳು ಹೆಸರುಗಳನ್ನು ಪಂಡಿತರು ಎಣಿಸಿಟ್ಟಿದ್ದಾರೆ. ಗ್ರಂಥಕ್ಕೆ ಮಾತ್ರವಲ್ಲ, ಗ್ರಂಥದ ಸೇವೆಯಲ್ಲಿದ್ದ ವಸ್ತುಗಳಿಗೂ ಈ ಗೌರವ ಸಲ್ಲಬೇಕು. ಸುರುಳಿಯ ಹೊದಿಕೆ, ಅದನ್ನಿಡುವ ಪೆಟ್ಟಿಗೆ ಇವನ್ನು ಕಾಪಿಡಬೇಕು. ಆದರೆ ಒಂದು ಧಾರ್ಮಿಕ ಕೆಲಸಕ್ಕೆ ಬಳಸಿ ಮುಗಿದ ಸಾಮಾನು, ಉದಾಹರಣೆಗೆ ಹಬ್ಬದ ಚಪ್ಪರ, ಹಬ್ಬದಲ್ಲಿ ಹಿಡಿದ ಖರ್ಜೂರದ ಗರಿ, ಇವನ್ನು ಎಸೆಯಬಹುದು. ಗೌರವಕ್ಕೂ ಒಂದು ಎಲ್ಲೆ ಬೇಕೆಂದು ಅವರು ಆಗಲೇ ಯೋಚಿಸಿದ್ದರು. ಎಲ್ಲವನ್ನೂ ಪವಿತ್ರ ಎಂದುಬಿಟ್ಟರೆ ಮನೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ.

ಇವುಗಳಲ್ಲಿ ಒಂದು ನಿಯಮ ನಮ್ಮ ಮನಸ್ಸಿಗೆ ತಟ್ಟಿತು. ಗ್ರಂಥಕ್ಕೆ ಸುತ್ತಿ ಸುತ್ತಿ ಹಳೆಯದಾದ ಬಟ್ಟೆಯನ್ನು ಏನು ಮಾಡಬೇಕು? ಯಾರೂ ದಿಕ್ಕಿಲ್ಲದೆ ಸತ್ತವನಿಗೆ ಅದರಿಂದ ಕಫನ್ ಹೊಲಿಯಬಹುದು, ಆ ಬಟ್ಟೆಗೆ ಅದೇ ಗೆನಿಝಾ ಎನ್ನುತ್ತದೆ ತಲ್ಮೂದ್.

ನಿಯಮ ಹೂಳಬೇಕೆಂದು ಇದ್ದರೂ ಪ್ರತಿ ಸಲ ಒಂದೆರಡು ಹಾಳೆ ಹಿಡಿದು ಸ್ಮಶಾನಕ್ಕೆ ಹೋಗುವುದು ಆಗದ ಮಾತು. ಹಾಗಾಗಿ ಪ್ರಾರ್ಥನಾಲಯದಲ್ಲೇ ಒಂದು ಜಾಗದಲ್ಲಿ ಕೂಡಿಸಿಟ್ಟು, ತುಂಬಿದ ಮೇಲೆ ಒಟ್ಟಿಗೆ ಒಯ್ದು ಹೂಳುವ ರೂಢಿ ಬಂತು. ಆ ಜಾಗಕ್ಕೂ ಗೆನಿಝಾ ಎಂದೇ ಹೆಸರಾಯಿತು. ನಮ್ಮ ಮಸೀದಿಯ ಅಲ್ಮಾರಿಯ ತಲೆಯಂತೆ.

ಇವುಗಳಲ್ಲಿ ಜಗತ್ಪ್ರಸಿದ್ಧವಾದದ್ದು ಫುಸ್ತಾತ್‌ನದು. ಫುಸ್ತಾತ್ ಇಂದಿನ ಕೈರೋ ನಗರದ ಹಳೆಯ ಭಾಗ. ಖಲೀಫ ಉಮರ್(ರ)ರ ಕಾಲದಲ್ಲಿ ಈಜಿಪ್ತನ್ನು ಗೆದ್ದ ಅಮ್ರ್ ಬಿನ್ ಆಸ್(ರ) ಕಟ್ಟಿಸಿದ ಊರು ಅದು. ಅವರ ಹೆಸರಿನ ಮಸೀದಿ ಇಂದಿಗೂ ಅಲ್ಲಿದೆ. ಅದರಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ಬೆನ್ ಎಝ್ರಾ ಎಂಬ ಯಹೂದಿ ಪ್ರಾರ್ಥನಾಲಯವಿದೆ. ಫಾತಿಮಿ ಖಲೀಫ ಅಲ್ ಹಾಕಿಮ್‌ನ ಕಾಲದಲ್ಲಿ ಅದನ್ನು ಕೆಡವಲಾಯಿತು, 11ನೆಯ ಶತಮಾನದಲ್ಲಿಯೇ ಮತ್ತೆ ಕಟ್ಟಿದರು. ಹೊಸ ಕಟ್ಟಡದಲ್ಲಿ ಹೆಂಗಸರು ಕೂರುವ ಮಹಡಿಯ ತುದಿಗೆ ಕಿಟಕಿ ಬಾಗಿಲು ಒಂದೂ ಇಲ್ಲದ ಕೋಣೆಯೊಂದಿತ್ತು. ಗೋಡೆಯ ಮೇಲ್ಭಾಗದಲ್ಲಿ ಒಂದು ಕಿಂಡಿ ಮಾತ್ರ. ಏಣಿ ಹತ್ತಿ ಆ ಕಿಂಡಿಯಿಂದ ಹಳೆಯ ಕಾಗದಗಳನ್ನು ಒಳಗೆ ಬಿಟ್ಟರೆ ಮುಗಿಯಿತು.

ಅವರು ಹಾಕುತ್ತಲೇ ಹೋದರು. ಸ್ಮಶಾನಕ್ಕೆ ಒಯ್ಯುವ ಕೆಲಸ ಮಾತ್ರ ಪೂರ್ತಿ ಆಗಲಿಲ್ಲ. ಸೋಮಾರಿತನವೋ ಏನೋ, ಇತಿಹಾಸಕ್ಕೆ ಅದರಿಂದ ಲಾಭವೇ ಆಯಿತು. ಈಜಿಪ್ತಿನಲ್ಲಿ ಮಳೆ ಇಲ್ಲ, ಗಾಳಿ ಒಣ. ಗೆದ್ದಲು, ಬೂಷ್ಟು ಕಡಿಮೆ. ಕಾಗದ ಕೊಳೆಯದೆ ಉಳಿಯಿತು.

ಇನ್ನೊಂದು ಕಾರಣದಿಂದ ಆ ಕೋಣೆ ಬೇರೆಲ್ಲ ಗೆನಿಝಾಗಳಿಗಿಂತ ಬೇರೆ. ಅಲ್ಲಿಗೆ ತೌರಾತ್, ಪ್ರಾರ್ಥನೆ ಪುಸ್ತಕಗಳ ಜೊತೆ ವ್ಯಾಪಾರದ ಪತ್ರ, ಮದುವೆ ಕರಾರು, ತಲಾಖಿನ ಚೀಟಿ, ಸಾಲದ ಪತ್ರ, ಅಂಗಡಿ ಲೆಕ್ಕ, ಮಕ್ಕಳ ಅಕ್ಷರಾಭ್ಯಾಸದ ಹಾಳೆ, ವೈದ್ಯರ ಔಷಧಿ ಚೀಟಿ ಎಲ್ಲವೂ ಸೇರಿದವು. ಆ ಕಾಲದ ಯಹೂದಿಗಳು ಮನೆಯಲ್ಲೂ ಅಂಗಡಿಯಲ್ಲೂ ಆಡುತ್ತಿದ್ದುದು ಅರಬ್ಬಿ. ಬರೆಯುವಾಗ ಅದೇ ಅರಬ್ಬಿಯನ್ನು ಹೀಬ್ರೂ ಅಕ್ಷರದಲ್ಲಿ ಬರೆಯುತ್ತಿದ್ದರು, ಅವರ ಗ್ರಂಥದ ಅಕ್ಷರ ಅದೇ ತಾನೆ. ಅಲ್ಲದೆ ನಾವು ಕಾಗದದ ತಲೆಗೆ ಬಿಸ್ಮಿಲ್ಲಾಹ್ ಬರೆಯುವಂತೆ ಅವರೂ ದಯಾಮಯನಾದ ದೇವರ ಹೆಸರಿನಿಂದ ಪತ್ರ ಆರಂಭಿಸುತ್ತಿದ್ದರು. ಮೆಣಸಿನ ದರ ಬರೆದ ಚೀಟಿಯಾದರೂ ತಲೆಯಲ್ಲಿ ದೇವರ ಹೆಸರಿದ್ದರೆ ಕಸಕ್ಕೆ ಹಾಕುವುದು ಹೇಗೆ? ಎಲ್ಲವೂ ಏಣಿ ಹತ್ತಿ ಕೋಣೆ ಸೇರಿದವು. ಫಾತಿಮಿ ದರ್ಬಾರಿನ ಅರಬ್ಬಿ ಫರ್ಮಾನುಗಳ ತುಂಡುಗಳೂ ಅಲ್ಲಿ ಸಿಕ್ಕಿವೆ. ದರ್ಬಾರಿನ ಕಾಗದದಲ್ಲಿ ಸಾಲುಗಳ ನಡುವೆ ಧಾರಾಳವಾಗಿ ಜಾಗ ಬಿಡುತ್ತಿದ್ದರಿಂದ, ಹಳೆಯ ಫರ್ಮಾನುಗಳನ್ನು ತಂದು ಆ ಜಾಗದಲ್ಲಿ, ಹಿಂಬದಿಯಲ್ಲಿ ಪ್ರಾರ್ಥನೆ ಬರೆದುಕೊಳ್ಳುತ್ತಿದ್ದರು. ಹೀಬ್ರೂ ಅಕ್ಷರದಲ್ಲಿ ಬರೆದ ಕುರ್‌ಆನಿನ ಹಾಳೆ ಕೂಡ ಅಲ್ಲಿ ಸಿಕ್ಕಿದೆ. ಯಾರೋ ಓದಲು ಬರೆದುಕೊಂಡದ್ದು.

ಯಹೂದಿಗಳ ದೊಡ್ಡ ಪಂಡಿತ ಮೂಸಾ ಬಿನ್ ಮೈಮೂನ್ ಇದೇ ಫುಸ್ತಾತ್‌ನಲ್ಲಿ ಇದ್ದವನು. ಸುಲ್ತಾನ್ ಸಲಾಹುದ್ದೀನ್ ಅಯ್ಯೂಬಿಯ ದರ್ಬಾರಿನಲ್ಲಿ ವೈದ್ಯನಾಗಿದ್ದು 1204ರಲ್ಲಿ ತೀರಿಕೊಂಡ. ಹಳೆಯ ಗ್ರಂಥವನ್ನು ಮಡಕೆಯಲ್ಲಿಟ್ಟು ಹೂಳಬೇಕೆಂದು ತನ್ನ ಧರ್ಮಶಾಸ್ತ್ರದಲ್ಲಿ ಬರೆದವನ ಸ್ವಂತ ಕೈಬರಹದ ಹಾಳೆಗಳೇ ಆ ಕೋಣೆಯಲ್ಲಿ ಸಿಕ್ಕವು. ಅವನ ತಮ್ಮ ದಾವೂದ್ ರತ್ನದ ವ್ಯಾಪಾರಿ. ಭಾರತಕ್ಕೆ ಹೊರಟವನು ಕೆಂಪು ಸಮುದ್ರದ ಐಧಾಬ್ ಬಂದರಿನಿಂದ ಅಣ್ಣನಿಗೊಂದು ಪತ್ರ ಬರೆದ. ಮುಂದೆ ಅವನ ಹಡಗು ನಮ್ಮ ಈ ಸಮುದ್ರದಲ್ಲೇ ಮುಳುಗಿತು. ಆ ದುಃಖದಲ್ಲಿ ಮೂಸಾ ವರ್ಷದಷ್ಟು ಕಾಲ ಹಾಸಿಗೆ ಹಿಡಿದ. ತಮ್ಮನ ಆ ಪತ್ರವೂ ಉಳಿದಿದೆ.

ಆ ಕೋಣೆ ಹೊರಜಗತ್ತಿಗೆ ತೆರೆದ ಕಥೆಯನ್ನು ಚುಟುಕಾಗಿ ಹೇಳುತ್ತೇವೆ. 1896ರಲ್ಲಿ ಆಗ್ನೆಸ್ ಲೂಯಿಸ್, ಮಾರ್ಗರೆಟ್ ಗಿಬ್ಸನ್ ಎಂಬ ಅವಳಿ ಸಹೋದರಿಯರು ಪ್ರಯಾಣದಿಂದ ಕೊಂಡು ತಂದ ಹಾಳೆಗಳಲ್ಲಿ ಒಂದನ್ನು ಕೇಂಬ್ರಿಜ್ ವಿಶ್ವವಿದ್ಯಾಲಯದ ಸಾಲೊಮನ್ ಶೆಕ್ಟರ್‌ಗೆ ತೋರಿಸಿದರು. ಅದರ ಬೆಲೆ ತಿಳಿದ ಶೆಕ್ಟರ್ ಅದೇ ವರ್ಷದ ಕೊನೆಗೆ ಕೈರೋಗೆ ಹೋಗಿ, ಅಲ್ಲಿನ ಯಹೂದಿ ಧರ್ಮಗುರುವಿನ ಒಪ್ಪಿಗೆ ಪಡೆದು, ಧೂಳಿನಲ್ಲಿ ಮುಳುಗಿ ವಾರಗಟ್ಟಲೆ ಕೂತು ಸುಮಾರು 1,93,000 ತುಂಡುಗಳನ್ನು ಇಂಗ್ಲೆಂಡಿಗೆ ಸಾಗಿಸಿದ. ಉಳಿದವು ಲೋಕದ ಅನೇಕ ಗ್ರಂಥಾಲಯಗಳಿಗೆ ಹಂಚಿಹೋದವು. ಒಟ್ಟು ನಾಲ್ಕು ಲಕ್ಷದಷ್ಟು ತುಂಡುಗಳು ಎನ್ನುತ್ತಾರೆ. ಈಜಿಪ್ತ್ ಆಗ ಬ್ರಿಟಿಷರ ಹಿಡಿತದಲ್ಲಿತ್ತು ಎಂಬುದನ್ನು ಮರೆಯಬಾರದು. ಊರಿನವರ ಗಂಟು ಊರಿನವರ ಕೈಯಲ್ಲಿ ಉಳಿಯಲಿಲ್ಲ.

ಶೆಕ್ಟರ್‌ನ ಗಮನವೆಲ್ಲ ಧರ್ಮಗ್ರಂಥಗಳ ಮೇಲಿತ್ತು. ವ್ಯಾಪಾರದ ಚೀಟಿಗಳ ಬೆಲೆ ಕಂಡುಕೊಂಡವನು ಮುಂದಿನ ತಲೆಮಾರಿನ ಗೊಯ್ಟೈನ್. ಅವನು 1985ರಲ್ಲಿ ಸಾಯುವ ತನಕ ಆ ಚೀಟಿಗಳ ಜೊತೆಯೇ ಬಾಳಿದ. ಅವುಗಳಲ್ಲಿ ಭಾರತದ ಕರಾವಳಿಗೆ ಸಂಬಂಧಿಸಿದವನ್ನು ಬೇರೆ ಮಾಡಿ ಜೋಡಿಸುತ್ತಾ ಹೋದಾಗ ಒಂದು ಹೆಸರು ಮತ್ತೆ ಮತ್ತೆ ಬಂತು: ಅಬ್ರಹಾಮ್ ಬೆನ್ ಯಿಜು. ಅವನ ವಿಳಾಸ ‘ಮಂಜರೂರ್’. ಅಂದರೆ ನಮ್ಮ ಮಂಗಳೂರು.

ಬೆನ್ ಯಿಜು ಇಂದಿನ ಟ್ಯುನೀಷಿಯಾದ ಮಹ್ದಿಯ್ಯಾ ಊರಿನವನು. ಏಡನ್‌ಗೆ ಬಂದು ಅಲ್ಲಿನ ವ್ಯಾಪಾರಿಗಳ ಮುಖ್ಯಸ್ಥ ಮದ್ಮೂನ್‌ನ ಆಸರೆ ಪಡೆದು, ಅಲ್ಲಿಂದ ಹಡಗು ಹತ್ತಿ ಮಂಗಳೂರಿಗೆ ಬಂದ. 1132ರ ಅಕ್ಟೋಬರ್ 17ರಂದು ಅವನು ಮಂಗಳೂರಿನಲ್ಲಿದ್ದ ಎಂದು ಖಚಿತವಾಗಿ ಹೇಳಬಹುದು, ಯಾಕೆಂದರೆ ಆ ದಿನ ಅವನು ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿ ಪತ್ರ ಬರೆದುಕೊಟ್ಟಿದ್ದಾನೆ. ಆಕೆಗೆ ಇಟ್ಟ ಹೊಸ ಹೆಸರು ಬೆರಾಖಾ, ನಮ್ಮ ಬರಕತ್. ಆಕೆಯನ್ನೇ ಅವನು ಮದುವೆಯಾದನೆಂದು ವಿದ್ವಾಂಸರ ಅಭಿಪ್ರಾಯ. ಲೆಕ್ಕದ ಚೀಟಿಯೊಂದರಲ್ಲಿ ಆಕೆಯ ಅಣ್ಣನೋ ತಮ್ಮನೋ ಒಬ್ಬನನ್ನು ‘ನಾಯರ್’ ಎಂದು ಕರೆದಿದ್ದರಿಂದ ಆಕೆ ಮಲಬಾರಿನ ನಾಯರ್ ಮನೆತನದವಳಿರಬೇಕು.

ಅವನು ಇಲ್ಲಿಂದ ಅಡಿಕೆ, ಕರಿಮೆಣಸು, ಏಲಕ್ಕಿ, ಕಬ್ಬಿಣ ಕಳಿಸುತ್ತಿದ್ದ. ಕಂಚು ಹಿತ್ತಾಳೆಯ ಒಂದು ಕಾರ್ಖಾನೆ ಇಟ್ಟಿದ್ದ. ಏಡನ್‌ನ ಗೆಳೆಯರು ಮುರಿದ ಪಾತ್ರೆ ಕಳಿಸಿ, ಇದನ್ನು ಕರಗಿಸಿ ಇಂಥ ಅಳತೆಯ ಹೊಸ ಪಾತ್ರೆ ಮಾಡಿಸಿ ಕಳಿಸು ಎಂದು ಬರೆಯುತ್ತಿದ್ದರು. ಅಲ್ಲಿಂದ ಅವನಿಗೆ ಬರುತ್ತಿದ್ದುದು ಸಕ್ಕರೆ, ಒಣದ್ರಾಕ್ಷಿ, ಸಾಬೂನು, ಚಾಪೆ, ಮತ್ತು ಬಹಳ ಮುಖ್ಯವಾಗಿ ಕಾಗದ. ಆಗ ನಮ್ಮಲ್ಲಿ ಬರೆಯುತ್ತಿದ್ದುದು ಓಲೆಗರಿಯ ಮೇಲೆ. ಕಾಗದ ಸಿಗುತ್ತಿರಲಿಲ್ಲ. ಹಾಗಾಗಿ ಬೆನ್ ಯಿಜು ಒಂದು ತುಂಡನ್ನೂ ಹಾಳು ಮಾಡುತ್ತಿರಲಿಲ್ಲ. ಬಂದ ಪತ್ರದ ಬೆನ್ನಿಗೆ ಲೆಕ್ಕ, ಲೆಕ್ಕದ ಪಕ್ಕಕ್ಕೆ ಕವಿತೆ. ಏಲಕ್ಕಿಗೆ ಮುಂಗಡ ಹಣ ತಿಂದು ಮಾಲು ಕೊಡದ ದಲ್ಲಾಳಿಯೊಬ್ಬನ ಮೇಲಿನ ಕೋಪ ಪತ್ರದಿಂದ ಪತ್ರಕ್ಕೆ ಸಾಗುತ್ತದೆ. ಕೊಟ್ಟೂರು, ಹರಪನಹಳ್ಳಿಯ ದಲಾಲಿ ಅಂಗಡಿಯವರಿಗೆ ಈ ಮಾತು ವಿವರಿಸಬೇಕಿಲ್ಲ.

ಈ ಪತ್ರಗಳಲ್ಲಿ ಮುಸ್ಲಿಮರೂ ಇದ್ದಾರೆ. ಸೀರಾಫ್ ಊರಿನ ರಾಮಿಶ್ತ್ ಎಂಬ ಮುಸ್ಲಿಮ್ ವ್ಯಾಪಾರಿಯ ಹಡಗುಗಳಲ್ಲಿ ಯಹೂದಿಗಳ ಮಾಲು ಧೈರ್ಯವಾಗಿ ಹೋಗಿಬರುತ್ತಿತ್ತು. ಇದೇ ರಾಮಿಶ್ತ್ ಕಅಬಾದ ಮೀಝಾಬನ್ನು ಚಿನ್ನದಲ್ಲಿ ಮಾಡಿಸಿಕೊಟ್ಟವರು, ಹಿಜರಿ 532ರಲ್ಲಿ ಚೀನಾದ ಬಟ್ಟೆಯಿಂದ ಕಅಬಾಕ್ಕೆ ಕಿಸ್ವಾ ಹೊದಿಸಿದವರು. ಅವರ ಖಬರ್ ಮಕ್ಕಾದಲ್ಲೇ ಆಯಿತು. 1135ರ ಸುಮಾರಿಗೆ ಕೀಶ್ ದ್ವೀಪದ ಅಮೀರ ಏಡನ್‌ಗೆ ಮುತ್ತಿಗೆ ಹಾಕಿದಾಗ ರಾಮಿಶ್ತರ ಎರಡು ಹಡಗುಗಳು ಬಂದ ಮೇಲೆ ಮುತ್ತಿಗೆ ಮುರಿಯಿತು ಎಂದು ಮದ್ಮೂನ್ ಮಂಗಳೂರಿಗೆ ಸುದ್ದಿ ಬರೆದ. ಈಗಿನ ಮಂಗಳೂರಿನಲ್ಲಿ ಕೂತು ಪತ್ರಿಕೆ ಓದಿದಂತೆ ಆಗ ಬೆನ್ ಯಿಜು ಅದನ್ನು ಓದಿರಬೇಕು. ಸುಮಾರು 200 ವರ್ಷಗಳ ನಂತರ ಅದೇ ಮಂಜರೂರಿಗೆ ಬಂದ ಇಬ್ನು ಬತೂತಾ, ಅಲ್ಲಿ ಫಾರ್ಸ್ ಮತ್ತು ಯಮನ್‌ನ ವ್ಯಾಪಾರಿಗಳು ಇಳಿಯುತ್ತಾರೆ, ಸುಮಾರು 4,000 ಮುಸ್ಲಿಮರು ಇದ್ದಾರೆ ಎಂದು ಬರೆದಿದ್ದಾರೆ.

ಇನ್ನು ಬೊಮ್ಮ. ಬೆನ್ ಯಿಜುವಿನ ಪರವಾಗಿ ಸಮುದ್ರ ದಾಟಿ ಏಡನ್‌ಗೆ ಹೋಗಿ ಮಾಲು ಮಾರಿ, ಸಾಮಾನು ಕೊಂಡು ಬರುತ್ತಿದ್ದ ಒಬ್ಬ ಗುಲಾಮನ ಹೆಸರು ಪತ್ರಗಳಲ್ಲಿ ಬರುತ್ತದೆ. ಆ ಕಾಲದ ವ್ಯಾಪಾರದಲ್ಲಿ ಗುಲಾಮನೆಂದರೆ ಎಷ್ಟೋ ಸಲ ಧಣಿಯ ಮುಖ್ತಿಯಾರನೇ. ಸ್ವರಚಿಹ್ನೆ ಇಲ್ಲದ ಲಿಪಿ ಅದು, ಬ-ಮ ಎಂದಷ್ಟೇ ಇದೆ. ಗೊಯ್ಟೈನ್ ಅದನ್ನು ‘ಬಾಮಾ’ ಎಂದು ಓದಿದ. ಬಂಗಾಳದ ಲೇಖಕ ಅಮಿತಾವ್ ಘೋಷ್‌ಗೆ ಈ ಗುಲಾಮನ ಬೆನ್ನು ಹತ್ತುವ ಹುಚ್ಚು ಹಿಡಿಯಿತು. ಈಜಿಪ್ತಿನ ಹಳ್ಳಿಯಲ್ಲಿ ಇದ್ದು ಆಡುಮಾತಿನ ಅರಬ್ಬಿ ಕಲಿತಿದ್ದ ಅವರಿಗೆ ಆ ಹಳ್ಳಿಯ ಮಾತಿನಲ್ಲಿ ಈ ಪತ್ರಗಳ ಅರಬ್ಬಿಯ ದನಿ ಕೇಳಿಸಿತು. ಕೊನೆಗೆ ಮಂಗಳೂರಿಗೇ ಬಂದು ಪ್ರೊ. ಬಿ.ಎ. ವಿವೇಕ ರೈ ಅವರನ್ನು ಕಂಡರು. ತುಳುನಾಡಿನ ಹಳೆಯ ಹೆಸರುಗಳನ್ನು ಬಲ್ಲ ಅವರ ನೆರವಿನಿಂದ ಆ ಎರಡು ಅಕ್ಷರ ‘ಬೊಮ್ಮ’ ಆಯಿತು. ಘೋಷ್ ಅವರ ಪುಸ್ತಕ 1992ರಲ್ಲಿ ಬಂತು.

ಬೊಮ್ಮ ಎಂಬುದು ಬ್ರಹ್ಮ ಎಂಬ ಹೆಸರಿನ ನಾಡರೂಪ. ಹಳೆಯ ಶಾಸನಗಳಲ್ಲಿ ಬೇಕಾದಷ್ಟು ಬೊಮ್ಮರು, ಬೊಮ್ಮಯ್ಯರು ಸಿಗುತ್ತಾರೆ. ನಾವಂತೂ ಹುಡುಕಲು ದೂರ ಹೋಗಬೇಕಿಲ್ಲ, ಹಗರಿಬೊಮ್ಮನಹಳ್ಳಿಯ ಬೋರ್ಡಿನಲ್ಲಿ ದಿನಾ ಓದುತ್ತೇವೆ. ಆ ಬೊಮ್ಮ ಯಾರೋ, ಈ ಬೊಮ್ಮ ಯಾರೋ. ಆದರೆ ಎಲ್ಲಿಯ ಕೈರೋದ ಕೋಣೆ, ಎಲ್ಲಿಯ ನಮ್ಮ ಬಸ್‌ಸ್ಟ್ಯಾಂಡಿನ ಹೆಸರು!

ಏಡನ್‌ನಲ್ಲಿ ಬೊಮ್ಮ ಕುಡಿದು ಗಲಾಟೆ ಮಾಡಿದ್ದೂ, ಮದ್ಮೂನ್‌ನ ಹತ್ತಿರ ದುಡ್ಡಿಗೆ ಪೀಡಿಸಿದ್ದೂ ಪತ್ರದಲ್ಲಿ ದಾಖಲಾಗಿದೆ. ವರ್ಷಗಳು ಕಳೆದಂತೆ ಅದೇ ಏಡನ್‌ನ ದೊಡ್ಡ ವ್ಯಾಪಾರಿಗಳು ಪತ್ರದ ಕೊನೆಗೆ ಅವನಿಗೆ ಹೆಸರು ಹಿಡಿದು ಸಲಾಮ್ ಹೇಳಿ ಕಳಿಸುತ್ತಾರೆ. ಅದೇ 12ನೆಯ ಶತಮಾನದಲ್ಲಿ ಮಂಗಳೂರನ್ನು ಆಳುಪರು ಆಳುತ್ತಿದ್ದರು. ನಮ್ಮ ಈ ನೊಳಂಬವಾಡಿ ಸೀಮೆಯನ್ನು ಕಲ್ಯಾಣದ ಚಾಲುಕ್ಯರ ಕೆಳಗೆ ಉಚ್ಚಂಗಿಯ ಪಾಂಡ್ಯರು ಆಳುತ್ತಿದ್ದರು. ಅವರ ಹೆಸರು, ಬಿರುದು, ದಾನಗಳನ್ನು ತಿಳಿಯಬೇಕಾದರೆ ಹರಪನಹಳ್ಳಿ ಹತ್ತಿರದ ಬಾಗಳಿಗೆ ಹೋಗಿ ಶಾಸನಗಳ ಮುಂದೆ ನಿಂತರೆ ಆಯಿತು. ಕಲ್ಲಿನಲ್ಲಿ ಅರಸರಿಗೆ, ದಾನಿಗಳಿಗೆ ಜಾಗವಿದೆ. ಕುಡಿದು ಬೈಸಿಕೊಂಡು ಆಮೇಲೆ ಮರ್ಯಾದೆ ಗಳಿಸಿದ ಕೂಲಿಯವನಿಗೆ ಜಾಗ ಸಿಕ್ಕಿದ್ದು ಹರಿದ ಕಾಗದದಲ್ಲಿ ಮಾತ್ರ.

1149ರಲ್ಲಿ ಬೆನ್ ಯಿಜು ಮಕ್ಕಳೊಂದಿಗೆ ಏಡನ್‌ಗೆ ಮರಳಿದ. ಮಗ ಯಮನ್‌ನಲ್ಲಿ ತೀರಿಕೊಂಡ. ಉಳಿದ ಒಬ್ಬಳೇ ಮಗಳು ಸಿತ್ತುದ್ದಾರ್‌ಳನ್ನು ತನ್ನ ಸಹೋದರನ ಮಗನಿಗೆ ಕೊಟ್ಟ. ಮದುವೆ 1156ರಲ್ಲಿ ಫುಸ್ತಾತ್‌ನಲ್ಲಿ ಆಯಿತು. ಮಂಗಳೂರಿನಲ್ಲಿ ಕೂಡಿಸಿದ್ದ ಕಾಗದದ ಗಂಟನ್ನು ಅವನು ಎಸೆಯಲಿಲ್ಲ, ಹೊತ್ತುಕೊಂಡೇ ಹೋದ. ಒಂದು ದಿನ ಅವೂ ಏಣಿ ಹತ್ತಿ ಕಿಂಡಿಯೊಳಗೆ ಬಿದ್ದವು. ಮಂಗಳೂರಿನ ಮಳೆಗಾಲಕ್ಕೆ ಸಿಕ್ಕಿದ್ದರೆ ಹತ್ತು ವರ್ಷವೂ ಬಾಳುತ್ತಿರಲಿಲ್ಲ.

ನಮ್ಮ ಉಮ್ಮತ್ತಿನಲ್ಲೂ ಇಂಥ ಕೋಣೆಗಳಿದ್ದವು. 1972ರಲ್ಲಿ ಯಮನ್‌ನ ಸನ್‌ಆ ಜಾಮಿಯಾ ಮಸೀದಿಯನ್ನು ದುರಸ್ತಿ ಮಾಡುವಾಗ ಮಾಡಿಗೂ ಒಳಛಾವಣಿಗೂ ನಡುವೆ ಹಳೆಯ ಚರ್ಮದ ಹಾಳೆಗಳ ರಾಶಿ ಸಿಕ್ಕಿತು. ಕೆಲಸಗಾರರು ಮೂಟೆಗಳಲ್ಲಿ ತುಂಬಿ ಬದಿಗಿಟ್ಟರು. ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಖಾಝಿ ಇಸ್ಮಾಈಲ್ ಅಲ್ ಅಕ್ವಅ್ ಅದರ ಬೆಲೆ ಗುರುತಿಸಿ ಉಳಿಸಿದರು. ನೂರಾರು ಮುಸ್‌ಹಫ್‌ಗಳಿಂದ ಕಳಚಿದ ಸುಮಾರು 12,000 ತುಂಡುಗಳು ಅವು. ಕೆಲವು ಹಿಜರಿ ಮೊದಲ ಶತಮಾನದವು. ದಮಿಶ್ಕ್‌ನ ಉಮವೀ ಮಸೀದಿಯ ಅಂಗಳದಲ್ಲಿ ಕಂಬಗಳ ಮೇಲೆ ನಿಂತ ‘ಖುಬ್ಬತುಲ್ ಖಝ್ನಾ’ ಎಂಬ ಗುಮ್ಮಟದ ಕೋಣೆಯಲ್ಲೂ ಹಳೆಯ ಮುಸ್‌ಹಫ್‌ಗಳ ಭಾರಿ ರಾಶಿ ಇತ್ತು. ಮೊದಲ ಮಹಾಯುದ್ಧದ ಕಾಲಕ್ಕೆ ಅದರ ಬಹುಪಾಲು ಇಸ್ತಾಂಬುಲ್‌ಗೆ ಹೋಯಿತು. ಇಂದಿಗೂ ಪಾಕಿಸ್ತಾನದ ಕ್ವೆಟ್ಟಾದ ಬೆಟ್ಟವೊಂದರಲ್ಲಿ ಸುರಂಗ ತೋಡಿ ಹಳೆಯ ಕುರ್‌ಆನ್ ಪ್ರತಿಗಳನ್ನು ಇಡುತ್ತಿದ್ದಾರೆ.

ಫಿಕ್ಹಿನ ಮಾತು ಇಷ್ಟು. ಉಸ್ಮಾನ್(ರ) ಒಂದೇ ಬಗೆಯ ಪ್ರತಿಗಳನ್ನು ಬರೆಸಿ ನಾಡುಗಳಿಗೆ ಕಳಿಸಿದಾಗ, ಭಿನ್ನಮತ ಹುಟ್ಟದಿರಲೆಂದು ಉಳಿದ ಬರಹಗಳನ್ನು ಸುಡಿಸಿದರೆಂದು ಬುಖಾರಿಯಲ್ಲಿದೆ. ಇದನ್ನು ಆಧಾರ ಮಾಡಿಕೊಂಡು ಸುಡುವುದನ್ನು ಒಪ್ಪುವ ಉಲಮಾಗಳಿದ್ದಾರೆ. ನಮ್ಮ ಸೀಮೆಯ ಹೆಚ್ಚಿನವರು ಅನುಸರಿಸುವ ಹನಫಿ ಮದ್‌ಹಬಿನಲ್ಲಿ ಹೂಳುವುದೇ ಮೇಲು. ಓದಲಾಗದ ಮುಸ್‌ಹಫನ್ನು ಒಬ್ಬ ಮುಸ್ಲಿಮನನ್ನು ದಫನ್ ಮಾಡಿದಂತೆ ಮಾಡಬೇಕೆನ್ನುತ್ತದೆ ದುರ್ರುಲ್ ಮುಖ್ತಾರ್. ಶುದ್ಧ ಬಟ್ಟೆಯಲ್ಲಿ ಸುತ್ತಿ, ಯಾರೂ ತುಳಿಯದ ಜಾಗದಲ್ಲಿ, ಮಣ್ಣು ನೇರವಾಗಿ ಮೇಲೆ ಬೀಳದಂತೆ ಲಹದ್ ತೋಡಿ ಅಥವಾ ಮೇಲೆ ಹಲಗೆ ಮುಚ್ಚಿ. ಹಳೆಯ ಕಿತಾಬುಗಳಾದರೆ ಅಲ್ಲಾಹನ, ಮಲಕ್‌ಗಳ, ರಸೂಲರ ಹೆಸರುಗಳನ್ನು ಅಳಿಸಿ ಉಳಿದದ್ದನ್ನು ಸುಡಬಹುದು, ಹರಿಯುವ ನೀರಿಗೆ ಬಿಡಲೂಬಹುದು, ಹೂಳಿದರೆ ಇನ್ನೂ ಒಳ್ಳೆಯದು. ಮಡಕೆಯಲ್ಲಿಟ್ಟು ವಿದ್ವಾಂಸನ ಪಕ್ಕದಲ್ಲಿ ಹೂಳುವ ಯಹೂದಿಯೂ, ಕಫನಿನಂತೆ ಸುತ್ತಿ ಲಹದ್‌ನಲ್ಲಿಡುವ ಹನಫಿಯೂ ಗ್ರಂಥವನ್ನು ಒಂದು ಜೀವದಂತೆಯೇ ಕಂಡಿದ್ದಾರೆ.

ನೀರಿಗೆ ಬಿಡುವ ಬಗ್ಗೆ ನಮ್ಮದೊಂದು ಮಾತು. ಹರಿಯುವ ನೀರು ಎಂದು ಫುಖಹಾಗಳು ಬರೆದಾಗ ಕಾಗದ ಕೈಬರಹದ್ದು, ಮಸಿ ನೀರಿನಲ್ಲಿ ಕರಗುವಂಥದ್ದು. ಇಂದಿನ ಅಚ್ಚು ಮಸಿ ಕರಗುವುದಿಲ್ಲ, ಪ್ಲಾಸ್ಟಿಕ್ ಹೊದಿಕೆಯ ರಟ್ಟು ಮುಳುಗುವುದೂ ಇಲ್ಲ. ಬೇಸಿಗೆಯಲ್ಲಿ ತುಂಗಭದ್ರೆ ಬತ್ತಿದಾಗ ಅದೇ ಹಾಳೆಗಳು ಕೆಸರಿನಲ್ಲಿ, ದನಗಳ ಕಾಲ ಕೆಳಗೆ ಬರುತ್ತವೆ. ಗೌರವಕ್ಕೆಂದು ಬಿಟ್ಟದ್ದು ಅಗೌರವಕ್ಕೆ ಬೀಳುತ್ತದೆ. ಪ್ರತಿ ಜಮಾಅತ್ತು ಖಬರಸ್ತಾನದ ಒಂದು ಮೂಲೆಗೆ ಬೇಲಿ ಹಾಕಿ ಇದಕ್ಕೆಂದೇ ಬಿಟ್ಟುಕೊಟ್ಟು, ವರ್ಷಕ್ಕೊಮ್ಮೆ ಪೇಶ್ ಇಮಾಮರ ಮುಂದಾಳುತನದಲ್ಲಿ ಈ ಕೆಲಸ ಮಾಡಿದರೆ ಯಾರೂ ಹಾಳುಬಾವಿ ಹುಡುಕಬೇಕಿಲ್ಲ. ಮದುವೆ ಕಾರ್ಡಿನ ತಲೆಯ ಮೇಲೆ ಪೂರ್ತಿ ಆಯತ್ ಅಚ್ಚು ಹಾಕಿಸುವುದನ್ನು ಬಿಟ್ಟರೆ ಅರ್ಧ ಹೊರೆ ಅಲ್ಲೇ ಇಳಿಯುತ್ತದೆ. ಸಾವಿರ ಕಾರ್ಡಿನಲ್ಲಿ ಎಷ್ಟು ರದ್ದಿಯಂಗಡಿ ಸೇರಿ ಮಿರ್ಚಿ ಕಟ್ಟುತ್ತವೋ ಲೆಕ್ಕ ಹಾಕಿ. ಈ ಮಾಸಿಕದ ಖುತ್ಬಾ ಪುಟಗಳನ್ನೂ ಇದೇ ಎಚ್ಚರದಿಂದ ನೋಡಬೇಕೆಂದು ಕೇಳಿಕೊಳ್ಳುತ್ತೇವೆ.

ಆದರೆ ಗಂಟು ಕಟ್ಟುವ ಮೊದಲು ಒಮ್ಮೆ ಬಿಚ್ಚಿ ನೋಡಿ. ಮುಸ್‌ಹಫ್ ಹೂಳಬೇಕಾದದ್ದು ಸರಿ, ಅದರ ಜೊತೆ ಸೇರಿಕೊಂಡ ಉಳಿದ ಕಾಗದ ಹೂಳಬೇಕಾದದ್ದಲ್ಲ. ಮಸೀದಿಯ ಅಲ್ಮಾರಿಯಲ್ಲಿ ಹಳೆಯ ಸಿಪಾರದ ಜೊತೆ ಚಂದಾ ಪಟ್ಟಿ, ನಿಕಾಹ್ ದಫ್ತರು, ಜಮೀನು ವಕ್ಫ್ ಬರೆದ ಪತ್ರ, ಯಾರೋ ಹಿರಿಯರ ಉರ್ದು ಕಾಗದ ಇರುವುದುಂಟು. ಉರ್ದು ಓದಲು ಬಾರದ ಈಗಿನ ಹುಡುಗರಿಗೆ ಎಲ್ಲವೂ ಅರಬ್ಬಿಯಂತೆ ಕಾಣುತ್ತದೆ, ಎಲ್ಲವನ್ನೂ ಒಟ್ಟಿಗೆ ಕಟ್ಟುತ್ತಾರೆ. ಓದಬಲ್ಲ ಹಿರಿಯರೊಬ್ಬರನ್ನು ಕೂರಿಸಿ ಬೇರೆ ಬೇರೆ ಮಾಡಿಸಬೇಕು. ನಿಕಾಹ್ ದಫ್ತರಿನ ಒಂದು ಸಾಲು ಯಾರದೋ ವಾರಸುದಾರಿಕೆಗೆ, ಒಂದು ವಕ್ಫ್ ಪತ್ರ ಒಂದು ಊರಿನ ಖಬರಸ್ತಾನಕ್ಕೆ ಸಾಕ್ಷಿಯಾಗುವ ಕಾಲವಿದು.

ಮನೆಯಲ್ಲೂ ಹಾಗೆಯೇ. ಹುಟ್ಟಿದ ದಾಖಲೆ ಬರೆಸುವ ರೂಢಿ ಇಲ್ಲದ ಕಾಲದಲ್ಲಿ ನಮ್ಮ ಅಜ್ಜಂದಿರು ಮಕ್ಕಳು ಹುಟ್ಟಿದ ದಿನ, ವಾರ, ಹಿಜರಿ ತಾರೀಖನ್ನು ಕುರ್‌ಆನಿನ ರಟ್ಟಿನ ಒಳಬದಿಯಲ್ಲಿ ಬರೆದಿಡುತ್ತಿದ್ದರು. ಹುಟ್ಟಿದವರದು ಒಂದು ಸಾಲು, ತೀರಿಕೊಂಡವರದು ಅದರ ಕೆಳಗೆ ಇನ್ನೊಂದು. ಎಷ್ಟೋ ಮನೆಗಳಲ್ಲಿ ಅಜ್ಜಿಯ ಹೆಸರು ಬರಹದಲ್ಲಿ ಉಳಿದಿರುವುದು ಅದೊಂದೇ ಕಡೆ. ಹೂಳುವ ಮೊದಲು ಆ ರಟ್ಟಿನ ಒಳಬದಿಯ ಫೋಟೋ ತೆಗೆದು, ಹೆಸರುಗಳನ್ನು ಒಂದು ಹೊಸ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ.